ಹತ್ತು ದಿನದ ಸಂಬಂಧ

ನೂಲು ತುಂಡಾಗುವುದಿಲ್ಲ, ಬಾಳೆದಿಂಡಿನ ಬಿಲ್ಲೆ ಕತ್ತಿಯಿಂದ ಬೇರೆಯಾದರೂ ಎಳೆ ಅಂಟಿಕೊಂಡು ಉದ್ದಕ್ಕೆ ಬರುತ್ತದೆ, ಬೆರಳಿಗೆ ಸುತ್ತಬೇಕು, ಸುತ್ತಿದ್ದನ್ನು ಬಿಡಿಸಿ ತಟ್ಟೆಯ ಅಂಚಿಗೆ ಒರೆಸಬೇಕು, ಮತ್ತೆ ಇನ್ನೊಂದು ಬಿಲ್ಲೆ — ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟ ಫೋನಿನಲ್ಲಿ ಅದೇ ಸಂಗೀತ, ನಡುನಡುವೆ ಒಂದು ಹುಡುಗಿಯ ದನಿ, ನಿಮ್ಮ ಕರೆ ನಮಗೆ ಮುಖ್ಯ, ದಯವಿಟ್ಟು ಕಾಯಿರಿ. ಹದಿನಾಲ್ಕು ನಿಮಿಷದಿಂದ ನನ್ನ ಕರೆ ಮುಖ್ಯವಾಗಿಯೇ ಇದೆ, ಈ ಮನೆಯಲ್ಲಿ ನಾನು ಹೇಳಿದ್ದು ಒಂದೇ ಸಮ ಇಷ್ಟು ಹೊತ್ತು ಮುಖ್ಯವಾಗಿದ್ದು ನೆನಪಿಲ್ಲ. ಕೆಳಗೆ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಶೃಂಗೇರಿ ಶೃಂಗೇರಿ ಅಂತ ಕೂಗುತ್ತಿದ್ದಾರೆ, ನಾಳೆ ಬೆಳಿಗ್ಗೆ ಆರೂವರೆಗೆ ನಾವು ಹತ್ತಬೇಕಿದ್ದ ಬಸ್ಸು ಬೇರೆ, ಅದು ಇಳಿಯುವುದು ಘಟ್ಟದ ಕೆಳಗೆ, ಸಂಜೆ ಹೊತ್ತಿಗೆ ಗೋಕರ್ಣ. ಬ್ಯಾಗು ಕೋಣೆಯಲ್ಲಿ ಹಾಗೇ ಇದೆ. ಇವರು ತಮ್ಮ ಎರಡು ಪಂಚೆಯನ್ನು ನಿನ್ನೆಯೇ ಹೊರಗೆ ತೆಗೆದಿಟ್ಟರು, ಮಡಿಕೆ ಕೆಡದ ಹಾಗೆ.

ಕಿಗ್ಗದಿಂದ ಫೋನು ಬಂದಿದ್ದು ನಿನ್ನೆ ಕಾಫಿಯ ಹೊತ್ತಿಗೆ, ಸುಬ್ಬಯ್ಯ ಹೋಗಿಬಿಟ್ರು ಅಂತ, ಎಂಬತ್ತಾರು ವರ್ಷ, ಯಾವ ಸುಬ್ಬಯ್ಯ ಅಂತ ನಾನು ಕೇಳಿದೆ, ಇವರು ಲೋಟ ಕೆಳಗಿಟ್ಟು ಬೆರಳು ಮಡಚಿ ಲೆಕ್ಕ ಹಾಕಿದರು, ನಮ್ಮ ಮುತ್ತಜ್ಜನ ತಮ್ಮನ ಮೊಮ್ಮಗ, ದಾಯಾದಿ, ಹತ್ತು ದಿನ ಸೂತಕ ಬಂತು ನೋಡು. ಹತ್ತು ದಿನ. ನಾನು ಅವರನ್ನು ಕಂಡಿದ್ದೇ ಇಲ್ಲ, ಮದುವೆಯ ಫೋಟೋದಲ್ಲಿ ಎಲ್ಲೋ ಹಿಂದೆ ನಿಂತಿದ್ದರಂತೆ, ಅರ್ಧ ಮುಖ ಇನ್ಯಾರದೋ ಹೆಗಲಿನ ಹಿಂದೆ. ಸೂತಕದಲ್ಲಿ ಗೋಕರ್ಣಕ್ಕೆ ಹೋಗಿ ಎಂತ ಮಾಡೋದು, ದೇವಸ್ಥಾನದ ಒಳಗೆ ಹೋಗಂಗಿಲ್ಲ, ಸುಮ್ನೆ ಇರು, ಮುಂದಿನ ವರ್ಷ ನೋಡಣ, ಅಂದರು, ಅಂದಾಗ ಅವರ ಭುಜ ಇಳಿಯಿತು, ಹೊರೆ ಕೆಳಗಿಟ್ಟವರ ಹಾಗೆ, ಅದನ್ನು ನಾನು ಕಾಣಬಾರದಿತ್ತು, ಕಂಡೆ. ಸಮುದ್ರ ಇದೆಯಲ್ಲ ಅಂತ ಬಾಯಿಗೆ ಬಂದಿತ್ತು. ಲೋಟ ಎತ್ತಿ ತೊಳೆಯಲು ಒಯ್ದೆ.

ಇಪ್ಪತ್ತೇಳು ವರ್ಷದಲ್ಲಿ ನಾವಿಬ್ಬರೂ ಹೋಟೆಲಿನಲ್ಲಿ ಉಳಿದಿದ್ದೇ ಇಲ್ಲ, ಹೋದಲ್ಲೆಲ್ಲ ನೆಂಟರ ಮನೆ, ಇಲ್ಲದಿದ್ದರೆ ಯಾವುದಾದರೂ ಛತ್ರ, ಹೆಂಗಸರೆಲ್ಲ ಈ ಕೋಣೆಗೆ ಬನ್ನಿ, ಗಂಡಸರು ಜಗಲಿಗೆ, ಬೆಳಿಗ್ಗೆ ಕಾಫಿ ಪಾತ್ರೆಯ ಹತ್ತಿರ ಒಬ್ಬರನ್ನೊಬ್ಬರು ಕಂಡರೆ ಕಂಡ ಹಾಗೆ. ಅಕ್ಕನ ಮಗಳು ಶ್ರಾವ್ಯ ಬೇಸಗೆಯಲ್ಲಿ ಬಂದವಳು ನನ್ನ ಫೋನಿನಲ್ಲೇ ಬುಕ್ ಮಾಡಿದಳು, ಚಿಕ್ಕಮ್ಮ ಇದು ನೋಡು, ಸಮುದ್ರದ ಕಡೆ ಕಿಟಕಿ, ನಾನ್ ರಿಫಂಡಬಲ್ ಆದ್ರೆ ಅರ್ಧಕ್ಕರ್ಧ ಕಮ್ಮಿ, ಹಾಕ್ಲಾ? ಹಾಕು ಮಾರಾಯ್ತಿ, ನಾವೆಲ್ಲಿ ಕ್ಯಾನ್ಸಲ್ ಮಾಡ್ತೀವಿ. ಇವರು ಪಂಚಾಂಗ ತೆಗೆದು ನೋಡಿದ್ದರು, ಅಮಾವಾಸ್ಯೆ ಇಲ್ಲ, ಮನೆಯಲ್ಲಿ ತಿಥಿ ಇಲ್ಲ, ಹೊರಡುವ ಹೊತ್ತಿಗೆ ರಾಹುಕಾಲವೂ ಇಲ್ಲ, ಎಲ್ಲ ಸರಿ ಇತ್ತು, ಆದರೆ ಕಿಗ್ಗದಿಂದ ಹರಿಹರಪುರದವರೆಗೆ ಅರವತ್ತು ಮನೆ ದಾಯಾದಿಗಳಿದ್ದಾರೆ, ಅದರಲ್ಲಿ ಎಂಬತ್ತು ದಾಟಿದವರು ಎಷ್ಟು ಮಂದಿ ಅಂತ ಯಾರು ನೋಡಿದರು, ಏಳು ತಲೆಮಾರಿನ ಸೂತಕ ಹಿಡಿಯುವವರು ದುಡ್ಡು ವಾಪಸ್ ಬಾರದ ರೂಮು ತೆಗೆದುಕೊಳ್ಳಬಾರದು, ಆ ಬುದ್ಧಿ ಈಗ ಬಂತು. ಪಕ್ಕದ ಮನೆ ದಾಕ್ಷಾಯಿಣಿ ಬೆಳಿಗ್ಗೆ ನಕ್ಕಿದ್ದೇ ನಕ್ಕಿದ್ದು, ಅವಳು ಎನ್.ಆರ್. ಪುರದವಳು, ಲಿಂಗಾಯತರು, ನಮ್ಮಲ್ಲಿ ಸೂತಕಾನೇ ಇಲ್ಲ ಗಂಗಕ್ಕ, ಲಿಂಗ ಕಟ್ಟಿದ ಮೇಲೆ ಎಂತ ಮೈಲಿಗೆ, ನೀನೂ ಒಂದು ಕಟ್ಕೊ, ನಾಳೆ ಬಸ್ಸು ಹತ್ತು. ಹೋಗೆ ಅಂದೆ. ನಕ್ಕೆ. ಅವಳು ಬಾಗಿಲು ದಾಟಿದ ಮೇಲೆ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ತೆಗೆಯಲು ಮರೆತ ಹಾಗೆ.

ಹಲೋ ಮೇಡಂ, ಸಾರಿ ಫಾರ್ ವೇಟಿಂಗ್ — ಸಂಗೀತ ನಿಂತಿದ್ದೇ ತಿಳಿಯಲಿಲ್ಲ, ಬೆರಳಿಗೆ ನೂಲು ಸುತ್ತಿಕೊಂಡೇ ಫೋನಿನ ಹತ್ತಿರ ಬಗ್ಗಿದೆ, ಹುಡುಗ ಮರ್ಯಾದೆಯಿಂದಲೇ ಮಾತಾಡಿದ, ಇದು ನಾನ್ ರಿಫಂಡಬಲ್ ರೇಟ್ ಮೇಡಂ, ಬುಕ್ ಮಾಡುವಾಗಲೇ ಕೆಂಪಕ್ಷರದಲ್ಲಿ ಇರುತ್ತೆ. ಸಾವಾಗಿದೆ ಅಂದೆ. ಅಯ್ಯೋ, ತೀರಿಕೊಂಡವರು ನಿಮಗೆ ಏನಾಗಬೇಕು ಮೇಡಂ? ನಮ್ಮೆಜಮಾನರ ಮುತ್ತಜ್ಜನ ತಮ್ಮನ ಮೊಮ್ಮಗ. ಟೈಪ್ ಮಾಡುವ ಸದ್ದು ನಿಂತಿತು. ಮೇಡಂ, ನಮ್ಮ ಲಿಸ್ಟಲ್ಲಿ ಗಂಡ, ಹೆಂಡತಿ, ಮಕ್ಕಳು, ತಂದೆ, ತಾಯಿ ಇಷ್ಟೇ ಇರೋದು, ತಾಯಿ ಆಗಿದ್ರೆ ಡೆತ್ ಸರ್ಟಿಫಿಕೇಟ್ ಅಪ್‌ಲೋಡ್ ಮಾಡಿದ್ರೆ ಪೂರ್ತಿ ರಿಫಂಡ್ ಬರ್ತಿತ್ತು.

ತಾಯಿ ಆಗಿದ್ದರೆ ಪೂರ್ತಿ. ಅವನಿಗೇನು ಗೊತ್ತು, ಯಾರದೋ ಆಫೀಸಿನಲ್ಲಿ ಕಿವಿಗೆ ಹಗ್ಗ ಸಿಕ್ಕಿಸಿಕೊಂಡು ಕೂತ ಹುಡುಗ, ತಾಯಿ ಆದರೆ ಮೂರು ದಿನ ಮಾರಾಯ, ಮದುವೆಯಾಗಿ ಹೋದ ಮಗಳಿಗೆ ಮೂರೇ ದಿನ, ಗೋತ್ರ ಬದಲಾಯಿತಲ್ಲ. ಹೋದ ವರ್ಷದ ಹಿಂದಿನ ವರ್ಷ, ಅಮ್ಮ ಹೋದ ನಾಲ್ಕನೆಯ ಬೆಳಿಗ್ಗೆ ಅಣ್ಣ ಹೇಳಿದ, ನಿಂದು ಕಳೀತಲ್ಲ, ಸ್ನಾನ ಮಾಡಿ ಹೊರಡು, ಅಲ್ಲಿ ಅತ್ತೆಯವರು ಕಾಯ್ತಿರ್ತಾರೆ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಬಸ್ಸಿನವರೆಗೆ ಬಂದು ಕೂರಿಸಿಯೇ ಹೋದ. ಅವನಿಗೂ ತಮ್ಮನಿಗೂ ಅತ್ತಿಗೆಯರಿಗೂ ಹತ್ತು ದಿನ, ಅತ್ತಿಗೆಯರು, ಅಮ್ಮನ ಕೈಯ ಚಕ್ಕುಲಿಗೆ ಉಪ್ಪು ಜಾಸ್ತಿ ಅನ್ನುತ್ತಿದ್ದವರು, ಅವರಿಗೂ ಹತ್ತು ದಿನ, ಎಲ್ಲರೂ ಒಂದೇ ಕಡೆ ಕೂತು ಅಮ್ಮನ ಮಾತನ್ನೇ ಆಡುತ್ತಿದ್ದರಂತೆ, ನಗುತ್ತಲೂ ಇದ್ದರಂತೆ, ನಾನು ಇಲ್ಲಿ ಶುದ್ಧವಾಗಿ ಹೋಳಿಗೆಗೆ ಕಡಲೆಬೇಳೆ ರುಬ್ಬುತ್ತಿದ್ದೆ, ಅವತ್ತು ಮನೆಯಲ್ಲಿ ಸತ್ಯನಾರಾಯಣ ಕಥೆ, ಮೊದಲೇ ಗೊತ್ತುಮಾಡಿದ್ದು, ಕಣ್ಣೀರು ಬಂದಾಗ ಅತ್ತೆ ಮೆಲ್ಲಗೆ ಹೇಳಿದರು, ದೇವರ ಕೆಲಸದ ಹೊತ್ತಿಗೆ ಅಳಬಾರದು ಕೂಸೇ. ಕೂಸೇ ಅಂದರು, ಪ್ರೀತಿಯಿಂದಲೇ. ಆಮೇಲೆ ಎಲ್ಲಿ ಅಳುವುದು, ಬಚ್ಚಲಿಗೆ ಹೋದರೆ ಯಾರಾದರೂ ಬಾಗಿಲು ಬಡಿಯುತ್ತಾರೆ, ಆಯ್ತಾ ಅಂತ. ಅಳು ಹಾಗೇ ಒಳಗೆ ಕೂತಿತು, ಈಗಲೂ ಕೂತಿದೆ, ಸುಬ್ಬಯ್ಯನವರಿಗಾಗಿ ಹತ್ತು ದಿನ ಬಿಡುವಿದೆ, ಅವರಿಗೆ ಅಳುವುದು ಹೇಗೆ, ಅರ್ಧ ಮುಖಕ್ಕೆ.

ಮೇಡಂ, ಇದ್ದೀರಾ? ನಿಮ್ಮ ತಾಯಿಯವರು —? ಅಲ್ಲ ಅಂದೆ. ಸರ್ಟಿಫಿಕೇಟು ಬೀರುವಿನಲ್ಲೇ ಇದೆ, ದಾಕ್ಷಾಯಿಣಿ ಹೇಳಿದ್ದಳು, ಸಾವಿನ ಕಾಗದ ಕೇಳಿದ್ರೆ ನಿಮ್ಮಮ್ಮಂದೇ ಹಾಕು, ತಾರೀಕು ಯಾರು ನೋಡ್ತಾರೆ, ತಮಾಷೆಗೋ ನಿಜಕ್ಕೋ. ಹಾಕಲಾರೆ. ಮೂರೇ ದಿನಕ್ಕೆ ಮುಗಿಸಿದ ಅಮ್ಮನನ್ನು ರೂಮಿನ ಬಾಡಿಗೆಗೆ ಇನ್ನೊಂದು ಸಲ ಸಾಯಿಸುವುದು ನನ್ನಿಂದಾಗದು. ಹುಡುಗ ಪಾಪ, ದನಿ ತಗ್ಗಿಸಿ ಹೇಳಿದ, ಮೇಡಂ, ಹೋಟೆಲಿನವರಿಗೇ ನೇರ ಫೋನ್ ಮಾಡಿ ನೋಡಿ, ದುಡ್ಡು ವಾಪಸ್ ಕೊಡಲ್ಲ, ಅವರು ಮನಸ್ಸು ಮಾಡಿದ್ರೆ ತಾರೀಕು ಬದಲಾಯಿಸಿಕೊಡ್ತಾರೆ.

ಕೈ ತೊಳೆದೆ, ಒರೆಸಿದೆ, ಗೋಕರ್ಣದ ನಂಬರು ಒತ್ತಿದೆ, ಮೂರನೆಯ ರಿಂಗಿಗೇ ಎತ್ತಿದರು, ದೇವರಾಜ ಅಂತ ಮ್ಯಾನೇಜರು, ಹಿಂದೆ ಯಾರೋ ಬಕೆಟ್ ಎಳೆಯುವ ಸದ್ದು. ಹೌದ್ರಾ, ಸೂತಕ ಬಂದ್ರೆ ಯಾರು ಎಂತ ಮಾಡೂಕಾಗ್ತದೆ, ಇಲ್ಲಿ ವಾರಕ್ಕೆರಡು ಇಂಥದೇ ಫೋನು, ಎಲ್ಲರ ಅಜ್ಜಂದಿರೂ ನಮ್ಮ ಬುಕಿಂಗ್ ನೋಡ್ಕಂಡೇ ಹೋಗ್ತಾರೆ ಕಾಣ್ತದೆ — ನಾನು ನಕ್ಕುಬಿಟ್ಟೆ, ಅವರೂ ನಕ್ಕರು. ದುಡ್ಡು ನಂ ಕೈಲಿಲ್ಲ ಅಕ್ಕೋರೆ, ರೂಮು ನಂ ಕೈಲದೆ, ಒಂದು ಸಲ ತಾರೀಕು ಬದಲ್ ಮಾಡ್ಕೊಡ್ತೆ, ಅಡ್ಡಿಲ್ಲ. ಆಮೇಲೆ ಕಾಗದ ಮಗುಚಿದರು, ಹೆಸರು ವಿಘ್ನೇಶ್ವರ ಅಂತದೆ, ಜೊತೆಗೊಬ್ರು ಅಂತದೆ. ಜೊತೆಗೊಬ್ಬರು ಅಂದರೆ ನಾನು. ಶ್ರಾವ್ಯ ನನ್ನ ಹೆಸರು ಹಾಕಿರಲಿಲ್ಲ, ಬೇಕಾಗಿರಲಿಲ್ಲವೇನೋ. ಯಾವತ್ತಿಗೆ ಮಾಡೂದು? ಕ್ಯಾಲೆಂಡರಿನ ಹತ್ತಿರ ಹೋದೆ, ಪಂಚಾಂಗ ಪಕ್ಕದ ಮೊಳೆಯಲ್ಲೇ ಇತ್ತು, ಮುಟ್ಟಲಿಲ್ಲ, ಮುಂದಿನ ತಿಂಗಳು ಹದಿನೆಂಟು ಹತ್ತೊಂಬತ್ತು ಅಂದೆ, ಯಾಕೆ ಅಂದರೆ ಅಲ್ಲಿ ಏನೂ ಬರೆದಿರಲಿಲ್ಲ. ಇಬ್ರೇ ಅಲ್ವಾ? ಬಾಗಿಲಿನಾಚೆ ಮೆಟ್ಟಿಲ ಮೇಲೆ ಇವರ ಚಪ್ಪಲಿಯ ಸದ್ದು. ಒಬ್ಬರು ಅಂದೆ. ವಿಘ್ನೇಶ್ವರ ಅವರಾ? ಅಲ್ಲ, ಗಂಗಾಲಕ್ಷ್ಮಿ ಅಂತ ಬರ್ಕೊಳ್ಳಿ. ಗಂ-ಗಾ-ಲಕ್ಷ್ಮಿ, ಅಂತ ಅವರು ಬರೆಯುತ್ತಾ ಹೇಳಿಕೊಂಡರು. ಒಂದು ಮಾತು ಕೇಳಲೇ, ರೂಮಿಗೆ ಒಳಗಿಂದ ಚಿಲಕ ಇದೆಯಾ? ಅದೆ ಅಕ್ಕೋರೆ, ಗಟ್ಟಿ ಚಿಲಕ, ಹಿತ್ತಾಳೆದು.

ಎಂತಂತೆ, ಕೊಟ್ರಾ ದುಡ್ಡು, ಇವರು ಕಾಲು ತೊಳೆಯುತ್ತಾ ಕೇಳಿದರು. ಇಲ್ಲ, ಅದು ವಾಪಸ್ ಬರೋದಲ್ಲ. ಹೋಗ್ಲಿ ಬಿಡು, ಅಂದರು, ಪಲ್ಯಕ್ಕೆ ಕಾಯಿ ಹಾಕಿದ್ಯಾ? ಹಾಕ್ತೀನಿ ಅಂದೆ. ಬಿಲ್ಲೆಗಳು ಮಜ್ಜಿಗೆ ನೀರಿನಲ್ಲಿ ತೇಲುತ್ತಿವೆ, ಸಣ್ಣಗೆ ಹೆಚ್ಚಬೇಕು, ಹೆಚ್ಚುತ್ತೇನೆ, ಕಾಯಿ ತುರಿಯುತ್ತೇನೆ — ಹಿತ್ತಾಳೆಯದು ಅಂದರು, ಉಪ್ಪುಗಾಳಿಗೆ ಕಪ್ಪಾಗಿರುತ್ತದೆ, ಸ್ವಲ್ಪ ಬಿಗಿ ಇರಬಹುದು, ಎರಡೂ ಕೈ ಹಾಕಿ ತಳ್ಳಿದರೆ ಸರಿಯುತ್ತದೆ, ಹೊರಗೆ ಯಾರೂ ಬಡಿಯುವುದಿಲ್ಲ, ಚಿಲಕ, ಒಳಗಿಂದ, ಹಿತ್ತಾಳೆಯದು