ಅಂವ ಅದಾನಲ್ಲ

ಮಾತು ಎಲ್ಲಿಂದಲೇ ಶುರುವಾಗಲಿ, ಬಂಡೆಮ್ಮನ ಬಾಯಲ್ಲಿ ಅದು ಮುಗಿಯುವುದು ಮಾತ್ರ ಒಂದೇ ಕಡೆ: "ಅಂವ ಅದಾನಲ್ಲ!" ಅಂವ ಅಂದರೆ ಯೇಸುಸ್ವಾಮಿ. ನಿಜಾಮರ ಕಾಲದ ಕಲಬುರಗಿಯಲ್ಲಿ, ಕೋಟೆಗೋಡೆಯ ನೆರಳಿನಲ್ಲಿ, ತವರೂರು ಕಮಲಾಪುರದಿಂದ ಚಕ್ಕಡಿಯಲ್ಲಿ ಬಂದ ಕೆಂಪು ಬಾಳೆಹಣ್ಣಿನ ಬುಟ್ಟಿಯ ಹಿಂದೆ ಪ್ರಸನ್ನವದನೆಯಾಗಿ ಕೂರುತ್ತಿದ್ದ ಆಕೆ, ನೀರು ಕುಡಿಯಲು ಎದ್ದರೆ ಹಣ್ಣಿನ ಮೇಲೊಂದು ಒದ್ದೆ ಅರಿವೆ ಎಳೆದು, ಬಲಗಾಲನ್ನು ತುಸು ಎಳೆಯುತ್ತ ನಿಶ್ಚಿಂತೆಯಿಂದ ನಡೆದುಬಿಡುವಳು. "ಅಕ್ಕಾ, ದನ ಬಾಯಿ ಹಾಕ್ತಾವ!" ಎಂದು ಪಕ್ಕದ ಬಳೆಗಾರ್ತಿ ರೋಷನಬಿ ಕೂಗಿದರೆ, ತಿರುಗಿಯೂ ನೋಡದೆ ಅದೇ ಉತ್ತರ. ದನ ಓಡಿಸುವ ಪಾಡು ಮಾತ್ರ ಪಾಪ, ರೋಷನಬಿಯದು!

ಮಹಾಯುದ್ಧ ಮುಗಿದ ವರ್ಷ ಊರಿಗೆಲ್ಲ ವಿಷಮಜ್ವರ ಹಬ್ಬಿ, ಬಂಡೆಮ್ಮನ ಒಬ್ಬನೇ ಮಗ ಯೋಸೇಪ ಹಾಸಿಗೆ ಹಿಡಿದ. ರೋಷನಬಿ ದರ್ಗಾದಿಂದ ತಾಯಿತ ತಂದು, "ಕಟ್ಟು ಅಕ್ಕಾ, ಕೂಸು ಉಳೀಲಿ" ಎಂದು ಅಂಗಲಾಚಿದಳು. ಬಂಡೆಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಮರಳಿ ಕೊಟ್ಟಳು.

"ಅಂವಗ ಒಪ್ಪಿಸೀನಿ ಬೀ. ಇನ್ನೊಂದು ಕಟ್ಟಿದ್ರ ಅಂವನ್ನ ನಂಬಿಲ್ಲ ಅಂದಂಗ ಆಗ್ತದ."

ರೋಷನಬಿ ಮುನಿಸಿಕೊಂಡು ಹೋದಳು. ಆ ವಾರವೇ ಯೋಸೇಪ ತೀರಿಕೊಂಡ.

ಆಮೇಲೆ ಬುಟ್ಟಿ ಬಂತು, ಬಂಡೆಮ್ಮ ಬಂದಳು, ಆ ಮಾತೊಂದು ಬರಲಿಲ್ಲ. ಮಗನ ಜೊತೆ ಇವಳ ದೇವರೂ ಹೋಗಿಬಿಟ್ಟನೇ ಎಂದು ರೋಷನಬಿಯ ಕರುಳು ಚುರ್ ಎಂದಿತು. ಮುನಿಸು ಎಲ್ಲಿಯದು ಇನ್ನು! ಆದರೆ ಭಾನುವಾರ ಬಂಡೆಮ್ಮ ಎಂದಿನಂತೆ ಬಿಳಿ ಸೀರೆಯುಟ್ಟು ಚರ್ಚಿನ ದಾರಿ ಹಿಡಿದಾಗ ರೋಷನಬಿಗೆ ತಡೆಯಲಾಗಲಿಲ್ಲ.

"ಕೂಸಿನ್ನ ಉಳಿಸಲಿಲ್ಲ ಅಂವ. ಇನ್ನೂ ಯಾಕ ಹೋಗ್ತಿ ಅಕ್ಕಾ?"

"ಜಗಳ ಮಾಡಾಕ ಹೊಂಟೀನಿ." ಬಂಡೆಮ್ಮನ ಕಣ್ಣು ತುಂಬಿತ್ತು. "ಇವತ್ತ ಹಾಡಂಗಿಲ್ಲ, ಕೈ ಮುಗಿಯಂಗಿಲ್ಲ. ಅಂವನ ಮ್ಯಾಲೆ ಸಿಟ್ಟು ಬಂದದ. ಆದ್ರ ಈ ಸಿಟ್ಟು ಅಂವನ ಮುಂದ ಬಿಟ್ಟು ಮತ್ಯಾರ ಮುಂದ ತೋಡಿಕೊಳ್ಳಲಿ, ಹೇಳು?"

ರೋಷನಬಿ ಬಳೆಗಳ ಮೇಲೊಂದು ಬಟ್ಟೆ ಎಳೆದು ಅವಳ ಕೈ ಹಿಡಿದು ಹೊರಟಳು.

"ಬಳಿ ಯಾರು ಕಾಯ್ತಾರ ಬೀ?"

"ಅಂವ ಅದಾನಲ್ಲ!" ಎಂದಳು ರೋಷನಬಿ. ಆಗ ಬಂಡೆಮ್ಮ ಬಿಕ್ಕಿ ಬಿಕ್ಕಿ ಅತ್ತಳು.

ಬೇಡಿದ್ದು ಸಿಕ್ಕಾಗ ನಂಬುವವರು ಯಾವ ಕಾಲಕ್ಕೂ ಇರುತ್ತಾರೆ. ಸಿಗದ ದಿನವೂ ಅವನ ಹೊಸ್ತಿಲಿಗೇ ಹೋಗಿ, ಅವನೆದುರೇ ಅತ್ತು, ಅವನ ಜೊತೆಗೇ ಹಟ ಹಿಡಿಯುತ್ತಿದ್ದ ಬಂಡೆಮ್ಮನಂಥ ಜೀವಗಳು ಈಗ ಅಪರೂಪ. ಮನುಷ್ಯ ತನ್ನವರ ಮೇಲಲ್ಲದೆ ಅಷ್ಟು ಸಿಟ್ಟಾಗಲಾರ.