ಪಂಚಾಂಗ ನೋಡಿ ತಂದ ಹುಂಜ

ಕಮಲಾಕ್ಷ ಆ ಕೆಂಪು ಹುಂಜವನ್ನು ತಂದು ತಂಗಿ ಶಶಿಪ್ರಭಾಳ ಅಂಗಳದಲ್ಲಿ ಬಿಟ್ಟಾಗ ಅದರ ಗತ್ತು ನೋಡಬೇಕಿತ್ತು! ಗುತ್ತಿನ ಮನೆಯ ಯಜಮಾನನೇ ಬಂದ ಹಾಗೆ.

"ಕುಕ್ಕುಟ ಪಂಚಾಂಗ ನೋಡಿಯೇ ತಂದದ್ದು ಮಾರಾಯ್ತಿ. ಈ ಬಣ್ಣಕ್ಕೆ ಈ ತಿಂಗಳು ಸೋಲೇ ಇಲ್ಲ. ಇನ್ನು ಮುಂಗುಸಿ ನಿನ್ನ ಗೂಡಿನ ಹತ್ತಿರ ಸುಳಿಯುವುದುಂಟಾ?"

ಕೋಳಿ ಕಾಳಗದ ಅಂಕಕ್ಕೆ ಹುಂಜ ಆರಿಸುವ ಪಂಚಾಂಗ ಅದು. ಅಂಕದ ಗದ್ದೆಗೆ ಸರಿ, ಮನೆಯ ಗೂಡಿಗೆ ಅದೆಂಥದ್ದು? ಶಶಿಪ್ರಭಾಳಿಗೆ ಹೀಗೆ ಕೇಳಬೇಕೆನಿಸಿತು, ಆದರೆ ಅಣ್ಣನಿಗೆ ಎದುರಾಡಿದವರು ಆ ಕುಟುಂಬದಲ್ಲಿ ಯಾರೂ ಇರಲಿಲ್ಲ. ಒಂದೇ ವಾರದಲ್ಲಿ ಎರಡು ಹೇಟೆ ಕೋಳಿಗಳನ್ನು ಮುಂಗುಸಿ ಒಯ್ದಿತ್ತು. ಉಳಿದದ್ದು ಆರು. ಅದರಲ್ಲಿ ಬೂದು ಹೇಟೆ ಹನ್ನೊಂದು ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು. ಅವುಗಳನ್ನು ಉಳಿಸಿಕೊಂಡರೆ ಸಾಕಿತ್ತು ಅವಳಿಗೆ.

ಹುಂಜ ಮಾಡಿದ್ದೇನು? ಹಾಕಿದ ಅಕ್ಕಿಯನ್ನೆಲ್ಲ ತಾನೇ ಮುಕ್ಕಿತು. ಒಂದು ಹೇಟೆಯ ನೆತ್ತಿ ಕುಕ್ಕಿ ರಕ್ತ ಬರಿಸಿತು. ಹೆದರಿದ ಹೇಟೆಗಳು ಸಂಜೆ ಗೂಡಿಗೇ ಬಾರದೆ ಬೇಲಿಯ ಮೇಲೆ ಕೂರತೊಡಗಿದವು, ಮುಂಗುಸಿಗೆ ಎಲೆ ಹಾಕಿ ಬಡಿಸಿದ ಹಾಗೆ.

ಮೂರನೇ ದಿನ ಹಾಡಹಗಲೇ ಮುಂಗುಸಿ ಗೂಡಿಗೆ ನುಗ್ಗಿತು. ಪಂಚಾಂಗದ ವೀರ ಎಲ್ಲಿ? ಹಲಸಿನ ಮರದ ಮೇಲೆ! ಮೇಲೆ ಥಳುಕು, ಒಳಗೆ ಹುಳುಕು. ಬೂದು ಹೇಟೆ ಮಾತ್ರ ಮೊಟ್ಟೆಗಳ ಮೇಲಿಂದ ಏಳದೆ, ಗರಿ ಕೆದರಿ ಕುಕ್ಕುತ್ತಲೇ ಇತ್ತು. ಶಶಿಪ್ರಭಾ ಅಂಗಳ ಗುಡಿಸುವ ಹಿಡಿಸೂಡಿ ಎತ್ತಿಕೊಂಡು ಓಡಿ ಬಂದು ಮುಂಗುಸಿಯನ್ನು ಅಟ್ಟಿದಳು. ಮೊಟ್ಟೆ ಹನ್ನೊಂದೂ ಇದ್ದವು. ಹೇಟೆಯ ಒಂದು ಕಣ್ಣು ಹೋಗಿತ್ತು.

ಅವಳ ಪಿತ್ತ ನೆತ್ತಿಗೇರಿತು. ಹುಂಜ ಮರದಿಂದ ಇಳಿದದ್ದೇ ತಡ, ಹಿಡಿದು ಕಂಕುಳಲ್ಲಿ ಅವುಚಿಕೊಂಡು ಅಣ್ಣನ ಮನೆಗೆ ನಡೆದಳು. ಚಾವಡಿಯಲ್ಲಿ ಅವನ ಅಂಕದ ಗೆಳೆಯರೆಲ್ಲ ಕೂತಿದ್ದರು.

"ತೆಕ್ಕೊಳ್ಳಿ ಅಣ್ಣ, ನಿಮ್ಮ ವೀರನನ್ನು."

"ಇವತ್ತು ದಿನ ಒಳ್ಳೆಯದಿಲ್ಲ. ಅಂಕದವರೆಗೆ ಅಲ್ಲೇ ಇರಲಿ. ನಾನು ಹೇಳಿದ್ದೇನಲ್ಲ?"

"ನೀವು ಹೇಳಿದ್ದು ಕೇಳಿಯೇ ನನ್ನ ಹೇಟೆಯ ಕಣ್ಣು ಹೋದದ್ದು. ಇನ್ನು ಕೇಳುವುದಿಲ್ಲ."

ಗೆಳೆಯರಲ್ಲಿ ಯಾರೋ ನಕ್ಕರು. ಕಮಲಾಕ್ಷನ ಮುಖ ಕೆಂಪಾಯಿತು. "ಹಾಗಾದ್ರೆ ಮುಂದಿನ ಹುಂಜ ಆರಿಸುವುದು ಯಾರು? ನೀನಾ?"

"ನಾನೂ ಅಲ್ಲ. ತಂದದ್ದನ್ನು ಎಂಟು ದಿನ ಗೂಡಿನ ಬಲೆಯ ಆಚೆ ಕಟ್ಟಿ ಹಾಕ್ತೇನೆ. ಹೇಟೆಗಳು ನೋಡ್ಲಿ. ಆ ಬೂದು ಹೇಟೆಯೇ ಮೊದಲು ನೋಡ್ಲಿ, ಉಳಿದ ಒಂದು ಕಣ್ಣಲ್ಲಿ. ಅದು ಬೇಡ ಅಂದ್ರೆ ಬೇಡ."