ಏಳನೇ ನಂಬರಿನ ತಂತಿ

"ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ಕಣ್ರೀ ಇವನು. ಫೋನ್ ಎತ್ತಿ ನೆಟ್ಟಗೆ ಮಾತಾಡೋಕೆ ಬರಲ್ಲ, ಫೋನ್ ಲೈನ್ ಬದಲಾಯಿಸ್ತಾನಂತೆ."

ಚಿಕ್ಕಪ್ಪ ಇದನ್ನು ಹೇಳಿದ್ದು ತಮ್ಮದೇ ಹಾಸಿಗೆ ಅಂಗಡಿಯ ನಟ್ಟನಡುವೆ. ಕೌಂಟರಿನ ಅಕ್ಕ ಇದ್ದಳು, ಹೊಲಿಗೆಯವನಿದ್ದ, ಸ್ಪ್ರಿಂಗ್ ಹಾಸಿಗೆಯೊಂದರ ಮೇಲೆ ಅಂಗಾತ ಮಲಗಿ ಪರೀಕ್ಷೆ ಮಾಡುತ್ತಿದ್ದ ಗಂಡ ಹೆಂಡತಿ ಗಿರಾಕಿಗಳೂ ಇದ್ದರು. ಅವರು ಮಲಗಿದಲ್ಲೇ ನಕ್ಕರು. ಒಳ್ಳೆಯ ಹಾಸಿಗೆಯೇ ಇರಬೇಕು, ಅಷ್ಟು ನಕ್ಕರೂ ಕಿರುಗುಟ್ಟಲಿಲ್ಲ.

ಬೈಸಿಕೊಂಡವನನ್ನು ಅಂಗಡಿಯಲ್ಲಿ ಎಲ್ಲರೂ ಕೆಂಡ ಅನ್ನುತ್ತಿದ್ದರು. ಆ ಹೆಸರು ಇಟ್ಟವರು ಯಾರೋ ಏನೋ, ಕರೆದಾಗಲೆಲ್ಲ ಉರಿದುಬಿದ್ದು ಅದನ್ನು ಖಾಯಂ ಮಾಡಿದವನು ಮಾತ್ರ ಅವನೇ.

ವಿಷಯ ಇಷ್ಟೇ. ಫೋನ್ ಕಂಪನಿಯಿಂದ ಕಾಗದ ಬಂದಿತ್ತು. ತಿಂಗಳ ಕೊನೆಗೆ ಹಳೆಯ ತಾಮ್ರದ ಲೈನುಗಳೆಲ್ಲ ಬಂದ್, ಎಲ್ಲವನ್ನೂ ಇಂಟರ್ನೆಟ್ಟಿಗೆ ಹಾಕಿಸಿಕೊಳ್ಳಿ, ಹಳೆ ತಂತಿಗೆ ಏನೇನು ಅಂಟಿಕೊಂಡಿದೆ ಅಂತ ಮೊದಲೇ ಪಟ್ಟಿ ಮಾಡಿಡಿ. ಪಟ್ಟಿ ನಾನು ಮಾಡ್ತೀನಿ ಅಂದಿದ್ದ ಕೆಂಡ. ಅದಕ್ಕೇ ಈ ಸನ್ಮಾನ. ಕೊನೆಗೆ ಚಿಕ್ಕಪ್ಪ ಒಂದು ವಾರ ಕೊಟ್ಟರು. ಪಟ್ಟಿ ಸರಿಯಿದ್ದರೆ ಪೂರ್ತಿ ಕೆಲಸ ಅವನದು, ಫೋನ್ ಡಬ್ಬಿಯ ಬೀಗದಕೈಯೂ ಅವನ ಹತ್ತಿರ. ಒಂದು ತಪ್ಪಿದರೂ ಹೊರಗಿನಿಂದ ಇಂಜಿನಿಯರ್ ಬರುತ್ತಾನೆ, ಕೆಂಡ ಮತ್ತೆ ಗೋಡೌನಿನಿಂದ ಬೆನ್ನ ಮೇಲೆ ಹಾಸಿಗೆ ಹೊರುತ್ತಾನೆ.

ಕೆಂಡನಿಗೆ ಕಾಗದದ ಮೇಲೆ ನಂಬಿಕೆ ಕಡಿಮೆ, ಬೆರಳಿನ ಮೇಲೆ ಜಾಸ್ತಿ. ಡಬ್ಬಿಯಿಂದ ಹೊರಟ ಪ್ರತಿ ತಂತಿಯ ಮೇಲೂ ಬೆರಳಿಟ್ಟು, ಗೋಡೆ ಸವರಿಕೊಂಡು, ಕಪಾಟಿನ ಹಿಂದೆ ನುಸುಳಿ, ಅದು ಎಲ್ಲಿಗೆ ಹೋಗುತ್ತೋ ಅಲ್ಲಿವರೆಗೆ ಹೋದ. ಕೌಂಟರಿನ ಫೋನು, ಚಿಕ್ಕಪ್ಪನ ಮೇಜಿನದು, ಗೋಡೌನಿನದು, ಯಾರೂ ಮುಟ್ಟದ ಫ್ಯಾಕ್ಸು, ಕಾರ್ಡ್ ಉಜ್ಜುವ ಮಷೀನು, ಷಟರಿನ ಅಲಾರಂ. ಆರು ಆಯಿತು. ಮೈತುಂಬ ಜೇಡರ ಬಲೆ ಹತ್ತಿಸಿಕೊಂಡು ಓಡಾಡುವಾಗ ತಾನೊಬ್ಬ ವಿಜ್ಞಾನಿ ಅನ್ನಿಸಿತು. ನೋಡಿದವರಿಗೆ ಹಾಗನ್ನಿಸಲಿಲ್ಲ.

ಏಳನೆಯದು ಮೆಟ್ಟಿಲ ಪಕ್ಕದಲ್ಲೇ ಮೂರನೇ ಮಹಡಿಗೆ ಹತ್ತಿ, ಅಲ್ಲಿ ಗೋಡೆಯೊಳಗೆ ಹೊಕ್ಕು ಮಾಯವಾಗಿತ್ತು. ಆ ಮಹಡಿಯಲ್ಲಿ ಫೋನೇ ಇರಲಿಲ್ಲ. ಎರಡು ದಿನ ಆ ತೂತನ್ನೇ ನೋಡುತ್ತ ನಿಂತ. ಚಿಕ್ಕಪ್ಪನನ್ನು ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಹಾಗೆ ಅನ್ನಿಸಿಕೊಂಡ ಮೇಲೆ ಹೋಗಿ ಕೇಳುವುದೇ? ಅದಕ್ಕಿಂತ ಕತ್ತರಿಸಿ ನೋಡುವುದು ವಾಸಿ, ಯಾರದ್ದಾದರೂ ಆಗಿದ್ದರೆ ಅವರೇ ಬೊಬ್ಬೆ ಹೊಡೆಯುತ್ತಾರೆ ಅಂತ ಇಕ್ಕಳ ಹಾಕಿದ. ಅರ್ಧ ದಿನ ಕಾದ. ಯಾರೂ ಬೊಬ್ಬೆ ಹೊಡೆಯಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದ: "ನಂ. ೭. ಸತ್ತ ತಂತಿ. ಕತ್ತರಿಸಲಾಗಿದೆ." 'ಕತ್ತರಿಸಲಾಗಿದೆ' ಅನ್ನುವ ಮಾತು ಅವನಿಗೆ ಬಹಳ ಹಿಡಿಸಿತು. ಆಫೀಸಿನ ಕಾಗದದ ಹಾಗಿತ್ತು, ಕತ್ತರಿಸಿದವನು ಯಾರು ಅಂತಲೂ ಹೇಳುತ್ತಿರಲಿಲ್ಲ.

ವಾರ ಮುಗಿದ ದಿನ ಮಧ್ಯಾಹ್ನ, ಪಟ್ಟಿ ತಾಳೆ ನೋಡಲು ಚಿಕ್ಕಪ್ಪ ಮೇಲಿನಿಂದಲೇ ಶುರುಮಾಡೋಣ ಅಂದರು. ಮೂರನೇ ಮಹಡಿಗೆ ಹೋಗಬೇಕಿದ್ದ ಜೋಡಿ ಹಾಸಿಗೆಯೊಂದರ ಜೊತೆ ಇಬ್ಬರೂ ಲಿಫ್ಟು ಹತ್ತಿದರು. ಎರಡು ದಾಟಿತು. ಕರೆಂಟು ಹೋಯಿತು. ಲಿಫ್ಟು ನಿಂತಿತು.

ಚಿಕ್ಕಪ್ಪನ ಮೊಬೈಲು ಕೌಂಟರಿನಲ್ಲಿ ಚಾರ್ಜಿಗಿತ್ತು. ಕೆಂಡನದಕ್ಕೆ ಆ ಕಬ್ಬಿಣದ ಡಬ್ಬಿಯೊಳಗೆ ಸಿಗ್ನಲ್ ಇರಲಿಲ್ಲ, ಟಾರ್ಚಿಗಷ್ಟೇ ಆಯಿತು. ಕೂಗಿದರು. ಮೂರು ಮಹಡಿ ತುಂಬ ಹತ್ತಿ, ಸ್ಪಂಜು. ಕೂಗನ್ನೆಲ್ಲ ಅವೇ ಕುಡಿದುಬಿಟ್ಟವು. ಈ ಅಂಗಡಿಯಲ್ಲಿ ಸದ್ದೇ ಇರಲ್ಲ, ಎಷ್ಟು ನೆಮ್ಮದಿ ಅಂತ ಗಿರಾಕಿಗಳು ಹೊಗಳುತ್ತಿದ್ದದ್ದು ಕೆಂಡನಿಗೆ ನೆನಪಾಯಿತು.

ಚಿಕ್ಕಪ್ಪ ಗಾಬರಿಯಾಗಲಿಲ್ಲ. ಗಂಟೆಯ ಚಿತ್ರವಿದ್ದ ಗುಂಡಿ ಒತ್ತಿ, ಇದರಿಂದ ಲಿಫ್ಟ್ ಕಂಪನಿಯವರಿಗೆ ನೇರ ಫೋನ್ ಹೋಗುತ್ತೆ, ಕರೆಂಟ್ ಇಲ್ಲದಿದ್ದರೂ ಹೋಗುತ್ತೆ, ಹಳೇ ಲೈನ್ ಅಲ್ವಾ ಅಂದರು. ಏನೂ ಕೇಳಿಸಲಿಲ್ಲ. ಮತ್ತೆ ಒತ್ತಿದರು.

ಲಿಫ್ಟಿನ ಯಂತ್ರ ಇರುವುದು ಮೂರನೇ ಮಹಡಿಯ ಆ ಗೋಡೆಯ ಹಿಂದೆ. ಕೆಂಡನ ಬೆರಳಿಗೆ ಈಗ ಅರ್ಥವಾಯಿತು.

"ಚಿಕ್ಕಪ್ಪ, ಅದು ಏಳನೇ ನಂಬರು," ಅಂದ. "ಸತ್ತಿದೆ. ನಾನೇ ಕತ್ತರಿಸಿದ್ದು."

ಚಿಕ್ಕಪ್ಪ ಹಾಸಿಗೆಯನ್ನು ಅಡ್ಡ ಮಡಚಿ ಅದರ ಮೇಲೆ ಕೂತರು. "ಕೇಳಬಾರದಿತ್ತೇನೋ?"

"ನೀವು ಎಲ್ಲರ ಮುಂದೆ ಹಾಗಂದ ಮೇಲೆ ಹೆಂಗೆ ಕೇಳಲಿ?"

"ಕೇಳೋಕೆ ಮಾನ ಅಡ್ಡ ಬಂತು, ಕತ್ತರಿಸೋಕೆ ಬರಲಿಲ್ಲ."

ಕೆಂಡನಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ತೀರಿಸುವುದು ಅಂತ ಸುತ್ತ ನೋಡಿದ. ಎದುರಿಗೆ ಕನ್ನಡಿ ಇತ್ತು. ಹನ್ನೊಂದು ಉತ್ತರ ಹೊಳೆದವು, ಒಂದಕ್ಕಿಂತ ಒಂದು ಖಾರ. ಅಷ್ಟರಲ್ಲಿ ಚಿಕ್ಕಪ್ಪ ಹಾಸಿಗೆಗೆ ಒರಗಿ ನಿದ್ದೆಹೋಗಿದ್ದರು. ಅಷ್ಟೂ ಉತ್ತರಗಳನ್ನು ಅವನು ಆ ಗೊರಕೆಗೇ ಮನಸ್ಸಿನಲ್ಲಿ ಕೊಟ್ಟ.

ಒಂದೂಕಾಲು ಗಂಟೆಯ ಮೇಲೆ ಕರೆಂಟು ಬಂತು. ಕೆಂಡ ಕೆಳಗಿನ ಗುಂಡಿ ಒತ್ತಿದ. ಬಾಗಿಲು ತೆರೆದಾಗ ಅಂಗಡಿಯವರೆಲ್ಲ ಸಾಲಾಗಿ ನಿಂತಿದ್ದರು. ಚಿಕ್ಕಪ್ಪನ ಕೂದಲು ಒಂದು ಕಡೆ ಎದ್ದು ನಿಂತಿತ್ತು, ಕೆನ್ನೆಯ ಮೇಲೆ ಹಾಸಿಗೆಯ ಹೊಲಿಗೆ ಅಚ್ಚೊತ್ತಿತ್ತು. ಆದರೆ ನಾಲಿಗೆ ಎಚ್ಚರವಾಗಿತ್ತು.

"ಪಟ್ಟಿಯಲ್ಲಿ ಒಂದೂ ತಪ್ಪಿಲ್ಲ ಕಣ್ರೀ, ಏಳೂ ಇದೆ," ಅಂದರು ಎಲ್ಲರಿಗೂ ಕೇಳುವಂತೆ. "ಬಾಯಿಬಿಟ್ಟು ಕೇಳೋದನ್ನ ಎಂಟನೇ ಕ್ಲಾಸಲ್ಲಿ ಹೇಳಿಕೊಡ್ತಾರೇನೋ, ಪಾಪ, ಇವನು ಅಲ್ಲಿವರೆಗೆ ಹೋಗಲಿಲ್ಲ."

ಎಲ್ಲರೂ ನಕ್ಕರು. ಸುಳ್ಳು ಹೇಳಬಾರದು, ಮಾತು ಚೆನ್ನಾಗಿತ್ತು, ಕೆಂಡನಿಗೂ ತುಟಿಯಂಚಿಗೆ ನಗು ಬಂತು, ಹಲ್ಲು ಕಚ್ಚಿ ತಡೆದ. ಕೌಂಟರಿನ ಅಕ್ಕ ಆಗಲೇ ರಿಸೀವರು ಎತ್ತಿದ್ದಳು. ಅವಳ ಇನ್ನೊಂದು ಕೈಯಲ್ಲಿ ಇಂಜಿನಿಯರನ ನಂಬರಿನ ಚೀಟಿ.

"ಕರೆಸ್ಲಾ, ಬೇಡ್ವಾ? ನೀನೇ ಹೇಳಿಬಿಡು," ಅಂದರು ಚಿಕ್ಕಪ್ಪ.

ಹನ್ನೊಂದೂ ಉತ್ತರ ನಾಲಿಗೆ ತುದಿಗೆ ಬಂದು ನೂಕಾಡಿದವು. ಕೆಂಡ ಮೇಜಿನ ಮೇಲಿದ್ದ ಇಕ್ಕಳ, ಟೇಪು ತೆಗೆದುಕೊಂಡ, ನೋಟ್‌ಬುಕ್ಕಿನಲ್ಲಿ 'ಸತ್ತ' ಅನ್ನುವುದನ್ನು ಹೊಡೆದುಹಾಕಿದ, ಮೂರನೇ ಮಹಡಿಯ ಕಡೆ ಮೆಟ್ಟಿಲು ಹತ್ತಿಕೊಂಡು ಹೊರಟುಹೋದ.